ಶರಣಪುರದ ಪಾದ್ರಿ: ವಿಲಿಯಂ ಸಾಲ್ಟರ್ ಪ್ರೈಸ್ ಅವರ ಜೀವನ ಮತ್ತು ಕಾರ್ಯ

ಕ್ರೈಸ್ತ ಮಿಶನರಿಗಳ ಸೇವೆಯನ್ನು ಕನ್ನಡ ವಿದ್ವತ್ಪ್ರಪಂಚವು ಬಹುಮಟ್ಟಿಗೆ ಗ್ರಂಥಗಳ ಮೂಲಕವೇ ಅಳೆಯುತ್ತ ಬಂದಿದೆ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಬೃಹತ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಮೊದಲಾದವರು ನಮಗೆ ಪರಿಚಿತರಾಗಿರುವುದು ಪತ್ರಿಕೆ, ನಿಘಂಟು, ವ್ಯಾಕರಣ, ಮುದ್ರಣಗಳಿಂದ. ಆದರೆ ಅದೇ ಶತಮಾನದಲ್ಲಿ, ಕನ್ನಡ ನಾಡಿಗೆ ದೂರವಲ್ಲದ ಗೋದಾವರಿಯ ತೀರದಲ್ಲಿ, ಬೇರೊಂದು ಬಗೆಯ ಕೆಲಸ ಮಾಡಿದ ಆಂಗ್ಲಿಕನ್ ಪಾದ್ರಿಯೊಬ್ಬರಿದ್ದರು. ಅವರು ವಿಲಿಯಂ ಸಾಲ್ಟರ್ ಪ್ರೈಸ್. ಅವರ ಹೆಸರು ನಿಂತಿರುವುದು ನಿಘಂಟಿನ ಮೇಲಲ್ಲ, ಎರಡು ಊರುಗಳ ಮೇಲೆ: ನಾಸಿಕದ ಶರಣಪುರ ಮತ್ತು ಪೂರ್ವ ಆಫ್ರಿಕದ ಮೊಂಬಾಸಾ ಬಳಿಯ ಫ್ರೀಯರ್ ಟೌನ್.

ಶರಣಪುರವೆಂಬ ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಶರಣವೆಂದರೆ ಆಶ್ರಯ. ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಆಯಾಮವೂ ಉಂಟು. ಹನ್ನೆರಡನೆಯ ಶತಮಾನದ ಬಳಿಕ ಶರಣನೆಂದರೆ ಆಶ್ರಯ ಬೇಡಿ ಬಂದವನಷ್ಟೇ ಅಲ್ಲ, ಆ ಆಶ್ರಯದ ಬಲದಿಂದ ತಾನೇ ಎದ್ದು ನಿಂತವನು. ಪ್ರೈಸ್ ಅವರ ಜೀವನವನ್ನು ಅವಲೋಕಿಸುವಾಗ ಈ ಎರಡು ಅರ್ಥಗಳ ನಡುವಣ ಅಂತರವನ್ನು ಗಮನದಲ್ಲಿಟ್ಟುಕೊಳ್ಳುವುದು ಅವಶ್ಯಕ. ಅವರು ಶರಣು ಬಂದವರಿಗಾಗಿ ಊರು ಕಟ್ಟಿದರು. ಆ ಊರಿನಲ್ಲಿ ಬೆಳೆದವರು ಮುಂದೆ ತಾವೇ ಆಶ್ರಯದಾತರಾದರು. ಅವರ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ಬಂದುದೂ ಅಲ್ಲಿಂದಲೇ.

1799ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಚರ್ಚ್ ಮಿಶನರಿ ಸೊಸೈಟಿಯು ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಸೇರಿದ ಸಂಸ್ಥೆ. ಅದು ನಾಸಿಕದಲ್ಲಿ ಕಾರ್ಯಾರಂಭ ಮಾಡಿದುದು 1832ರಲ್ಲಿ. ಅಲ್ಲಿನ ಮೊದಲ ಪಾದ್ರಿಗಳಲ್ಲಿ ಸಿ. ಪಿ. ಫರಾರ್ ಒಬ್ಬರು. ಪಂಚವಟಿ, ರಾಮಕುಂಡ, ಸಮೀಪದ ತ್ರ್ಯಂಬಕೇಶ್ವರ, ಹನ್ನೆರಡು ವರ್ಷಗಳಿಗೊಮ್ಮೆ ನೆರೆಯುವ ಸಿಂಹಸ್ಥ ಪರ್ವ ಇವುಗಳಿಂದ ನಾಸಿಕವು ಸಮಸ್ತ ದಕ್ಷಿಣಾಪಥಕ್ಕೆ ಪುಣ್ಯಕ್ಷೇತ್ರ. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡು ಒಂದೂವರೆ ದಶಕವೂ ಕಳೆದಿರಲಿಲ್ಲ. ಇಂತಹ ಊರಿನಲ್ಲಿ ಮತಾಂತರವು ಕೇವಲ ನಂಬಿಕೆಯ ಬದಲಾವಣೆಯಾಗಿ ಉಳಿಯುತ್ತಿರಲಿಲ್ಲ. ದೀಕ್ಷೆ ಪಡೆದವನು ಮನೆ, ಕುಲ, ಬಾವಿಯ ನೀರು, ಹೊಟ್ಟೆಪಾಡಿನ ಕಸುಬು ಇವೆಲ್ಲವನ್ನೂ ಒಮ್ಮೆಗೇ ಕಳೆದುಕೊಳ್ಳುವ ಸಂಭವವಿತ್ತು.

1849ರಲ್ಲಿ ಸೊಸೈಟಿಯ ಪಾದ್ರಿಯಾಗಿ ಪಶ್ಚಿಮ ಭಾರತಕ್ಕೆ ಬಂದ ಪ್ರೈಸ್ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವೇ ಶರಣಪುರ. 1850ರ ದಶಕದ ಮಧ್ಯಭಾಗದಲ್ಲಿ, ನಾಸಿಕದ ಹಳೆಯ ಪೇಟೆಯಿಂದ ಪಶ್ಚಿಮಕ್ಕೆ ಮೈಲಿಯಷ್ಟು ದೂರದಲ್ಲಿ ಅವರು ಪ್ರತ್ಯೇಕ ಗ್ರಾಮವೊಂದನ್ನು ಕಟ್ಟಿಸಿದರು. ಪ್ರಾರ್ಥನಾಮಂದಿರ, ಶಾಲೆ, ಅನಾಥಾಲಯಗಳ ಜೊತೆಗೆ ಬಡಗಿ ಕೆಲಸ, ಕಮ್ಮಾರಿಕೆ ಮೊದಲಾದವನ್ನು ಕಲಿಸುವ ಕಾರ್ಯಶಾಲೆಗಳೂ ಅಲ್ಲಿದ್ದವು. ಧರ್ಮಬೋಧನೆಯನ್ನು ದುಡಿಮೆಯೊಡನೆ ಕೂಡಿಸುವ ಈ ಕ್ರಮವು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆದುದರ ಹಿಂದೆಯೂ ಇದೇ ಒತ್ತಡ ಕೆಲಸ ಮಾಡಿತ್ತು. ಶರಣಪುರವು ಸ್ಥಳೀಯ ಮರಾಠಿ ಕ್ರೈಸ್ತರ ಒಂದು ಸಣ್ಣ ನೆಲೆಯಾಗಿಯೇ ಉಳಿಯಬಹುದಾಗಿತ್ತು. ಅದಕ್ಕೆ ಬೇರೊಂದು ಚರಿತ್ರೆಯನ್ನು ತಂದುಕೊಟ್ಟುದು ಹಿಂದೂ ಮಹಾಸಾಗರ.

ಪೂರ್ವ ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಸ್ತ್ರೀಪುರುಷರನ್ನೂ ಮಕ್ಕಳನ್ನೂ ಜಾಂಜಿಬಾರಿನ ಸಂತೆಯಲ್ಲಿ ಮಾರಿ, ಹಾಯಿಹಡಗುಗಳಲ್ಲಿ ಅರೇಬಿಯ ಮತ್ತು ಪರ್ಷಿಯನ್ ಕೊಲ್ಲಿಯ ರೇವುಗಳಿಗೆ ಸಾಗಿಸುವ ವ್ಯಾಪಾರ ಆ ಕಾಲದಲ್ಲಿ ಇನ್ನೂ ಜೀವಂತವಾಗಿತ್ತು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನೂ 1833ರ ಕಾಯಿದೆಯಿಂದ ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತ್ತು. ಕಂಪನಿಯ ಆಳ್ವಿಕೆಗೆ ಒಳಪಟ್ಟ ಭಾರತದಲ್ಲಿ 1843ರ ಐದನೆಯ ಕಾಯಿದೆಯು ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಬ್ರಿಟಿಷ್ ನೌಕಾಪಡೆಯ ಹಡಗುಗಳು ಸಮುದ್ರದಲ್ಲಿ ತಡೆದು ಬಿಡಿಸಿದ ಗುಲಾಮರಲ್ಲಿ ಅನೇಕರನ್ನು ಮುಂಬಯಿಗೆ ತಂದು ಇಳಿಸಲಾಗುತ್ತಿತ್ತು. ಇವರಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೇನೂ ಇರಲಿಲ್ಲ. ಸಂಕೋಲೆ ಕಳಚಿದ ಮೇಲೆ ಅವರು ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸಿದ್ಧ ಉತ್ತರವಿರಲಿಲ್ಲ. ತವರಿನ ಹಾದಿ ತಿಳಿಯದು. ತಿಳಿದರೂ ಮತ್ತೆ ಸೆರೆಸಿಕ್ಕುವ ಭಯ.

ಮುಂಬಯಿಯಲ್ಲಿ ಈ ಮಕ್ಕಳ ಆರೈಕೆಗೆ ಕೈಹಾಕಿದವರಲ್ಲಿ ಅಬಿಸೀನಿಯದಲ್ಲಿ ಕೆಲಸ ಮಾಡಿ ಬಂದಿದ್ದ ಜರ್ಮನ್ ಪಾದ್ರಿ ಕಾರ್ಲ್ ವಿಲ್ಹೆಲ್ಮ್ ಇಸೆನ್‌ಬರ್ಗ್ ಪ್ರಮುಖರು. ಕನ್ನಡ ನಾಡಿಗೆ ಬಂದ ಮಿಶನರಿಗಳು ಶಿಕ್ಷಣ ಪಡೆದ ಬಾಸೆಲ್ಲಿನ ಸಂಸ್ಥೆಯಲ್ಲಿಯೇ ಅವರೂ ಕಲಿತವರು. 1860ರಲ್ಲಿ ಈ ಆಫ್ರಿಕನ್ ಆಶ್ರಯಧಾಮವು ಮುಂಬಯಿಯಿಂದ ಶರಣಪುರಕ್ಕೆ ಸ್ಥಳಾಂತರಗೊಂಡಿತು. ಅಂದಿನಿಂದ ಸುಮಾರು ಹದಿನೈದು ವರ್ಷಗಳ ಕಾಲ ಗೋದಾವರಿಯ ದಡದ ಈ ಗ್ರಾಮದಲ್ಲಿ ಆಫ್ರಿಕದ ಬಾಲಕ ಬಾಲಕಿಯರು ಮರಾಠಿ ಮಕ್ಕಳ ಜೊತೆಯಲ್ಲಿ ಬೆಳೆದರು. ಬೆಳಗಿನ ಪಾಠ, ಕಾರ್ಯಶಾಲೆಯ ದುಡಿಮೆ, ಸಂಜೆಯ ಪ್ರಾರ್ಥನೆ ಅವರ ದಿನಚರಿಯಾಯಿತು. ಇವರೇ ಮುಂದೆ ಆಫ್ರಿಕದ ಅನ್ವೇಷಣೆಯ ಚರಿತ್ರೆಯಲ್ಲಿ ನಾಸಿಕದ ಹುಡುಗರೆಂದು ಹೆಸರಾದವರು.

ಆಶ್ರಯವು ಉಚಿತವಾಗಿ ದೊರೆತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಯಾವೋ ಮೊದಲಾದ ಬೇರೆಬೇರೆ ಬುಡಕಟ್ಟುಗಳಿಂದ ಬಂದ ಮಕ್ಕಳಿಗೆ ದೀಕ್ಷೆಯೊಡನೆ ಹೊಸ ಹೆಸರುಗಳು ಬಂದವು. ಚೆಂಗ್ವಿಂಬೆ ಎಂಬ ಯಾವೋ ಬಾಲಕ ಮ್ಯಾಥ್ಯೂ ವೆಲಿಂಗ್ಟನ್ ಆದನು. ಒಬ್ಬನು ಕಾರಸ್ ಫರಾರ್, ಇನ್ನೊಬ್ಬನು ರಿಚರ್ಡ್ ಇಸೆನ್‌ಬರ್ಗ್, ಮತ್ತೊಬ್ಬನು ಸೈಮನ್ ಪ್ರೈಸ್. ಈ ಉಪನಾಮಗಳನ್ನು ನೋಡಿದರೆ ನಾಸಿಕದ ಮಿಶನ್ನಿನ ಇತಿಹಾಸವೇ ಆ ಮಕ್ಕಳ ಹೆಸರುಗಳಲ್ಲಿ ಬರೆದಂತಿದೆ. ಹಳೆಯ ಹೆಸರಿನೊಡನೆ ಹಳೆಯ ನುಡಿಯೂ ಹಿಂದೆ ಸರಿಯಿತು. ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಗಳ ನಡುವೆ ಬೆಳೆದ ಅವರು ಆಫ್ರಿಕಕ್ಕೆ ಮರಳಿದಾಗ ಅಲ್ಲಿನ ಜನ ಅವರನ್ನು ತಮ್ಮವರೆಂದು ಗುರುತಿಸದೆ ಬೊಂಬಾಯಿಯವರು ಎಂದೇ ಕರೆದರು.

ದಖ್ಖಣದ ನೆಲಕ್ಕೆ ಆಫ್ರಿಕನ್ನರು ಹೊಸಬರಾಗಿರಲಿಲ್ಲ ಎಂಬುದು ಈ ಸಂದರ್ಭದಲ್ಲಿ ಸ್ಮರಣೀಯ. ನಾಸಿಕದ ಪೂರ್ವಕ್ಕಿರುವ, ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಯಲಾಗುವ ನಗರಕ್ಕೆ ಖಡಕಿ ಎಂಬ ಹೆಸರಿನಲ್ಲಿ 1610ರಲ್ಲಿ ಅಡಿಪಾಯ ಹಾಕಿದ ಮಲಿಕ್ ಅಂಬರ್ ಇಥಿಯೋಪಿಯದಿಂದ ಗುಲಾಮನಾಗಿ ಬಂದು ಅಹಮದನಗರದ ನಿಜಾಮಶಾಹಿಯ ಸೂತ್ರಧಾರನಾದವನು. ಬಿಜಾಪುರದ ಆದಿಲಶಾಹಿಯಲ್ಲಿಯೂ ಹಬಶಿ ಸರದಾರರು ಅಧಿಕಾರ ನಡೆಸಿದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲಸಿರುವ ಸಿದ್ಧಿಯರು ಬಹುಮಟ್ಟಿಗೆ ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮೂಲಕ ಬಂದವರ ಸಂತತಿ. ಕತ್ತಿ ಹಿಡಿದವರು ರಾಜ್ಯದಲ್ಲಿ ಪಾಲು ಪಡೆದರು. ಓಡಿಬಂದವರು ಕಾಡಿನಲ್ಲಿ ಆಶ್ರಯ ಕಂಡುಕೊಂಡರು. ಶರಣಪುರದ ಮಕ್ಕಳ ಹಾದಿ ಈ ಎರಡಕ್ಕಿಂತಲೂ ಭಿನ್ನವಾಯಿತು. ಅವರು ಅಕ್ಷರ ಕಲಿತು ಹುಟ್ಟಿದ ಖಂಡಕ್ಕೆ ಹಿಂತಿರುಗಿದರು.

ಈ ಮರುಪಯಣದ ಆರಂಭ 1864ರಲ್ಲಿ. ಮೊಂಬಾಸಾ ಬಳಿಯ ರಬಾಯಿಯಲ್ಲಿ ಕ್ರಾಫ್ ಸ್ಥಾಪಿಸಿದ ನೆಲೆಯನ್ನು ಅವರ ಸಹೋದ್ಯೋಗಿ ರೆಬ್‌ಮನ್ ಏಕಾಂಗಿಯಾಗಿ ಕಾಯುತ್ತಿದ್ದರು. ಇವರಿಬ್ಬರೂ ಬಾಸೆಲ್ಲಿನಲ್ಲಿ ಕಲಿತವರೇ. ರೆಬ್‌ಮನ್‌ಗೆ ನೆರವಾಗಲು ನಾಸಿಕದಿಂದ ವಿಲಿಯಂ ಜೋನ್ಸ್, ಇಷ್ಮಾಯೆಲ್ ಸೆಮ್ಲರ್, ಜಾರ್ಜ್ ಡೇವಿಡ್ ಎಂಬ ತರುಣರು ತೆರಳಿದರು. ಮರುವರ್ಷ, ಅಂದರೆ 1865ರಲ್ಲಿ, ತನ್ನ ಕೊನೆಯ ಯಾತ್ರೆಗೆ ಸಿದ್ಧತೆ ನಡೆಸುತ್ತಿದ್ದ ಡೇವಿಡ್ ಲಿವಿಂಗ್‌ಸ್ಟನ್ ಮುಂಬಯಿಗೆ ಬಂದರು. ಥಳ್ ಘಾಟಿನ ರೈಲುಮಾರ್ಗ ಅದೇ ವರ್ಷ ತೆರೆದು, ಘಾಟಿನ ಮೇಲಣ ನಾಡು ಮುಂಬಯಿಗೆ ಹತ್ತಿರವಾಗಿತ್ತು. ಊರಿನಿಂದ ದೂರದಲ್ಲಿ ಹಾದುಹೋಗುವ ಆ ಮಾರ್ಗದ ನಿಲ್ದಾಣವೇ ಮುಂದೆ ನಾಸಿಕ್ ರೋಡ್ ಎಂಬ ಉಪನಗರವಾಗಿ ಬೆಳೆಯಿತು. ಶರಣಪುರದ ಒಂಬತ್ತು ಮಂದಿ ಲಿವಿಂಗ್‌ಸ್ಟನ್ ಜೊತೆ ಹೊರಡಲು ಒಪ್ಪಿದರು. 1866ರ ಜನವರಿಯಲ್ಲಿ ಅವರು ಜಾಂಜಿಬಾರ್ ತಲುಪಿದರು. ಆ ಯಾತ್ರೆಯ ಮೊದಲ ವರ್ಷಗಳಲ್ಲಿ ಲಿವಿಂಗ್‌ಸ್ಟನ್ ಈ ಹುಡುಗರ ಬಗ್ಗೆ ಅನೇಕ ದೂರುಗಳನ್ನು ಬರೆದಿಟ್ಟರು. ಕೆಲವರು ಬಿಟ್ಟುಹೋದರು, ಕೆಲವರು ಮಡಿದರು. ಎಡ್ವರ್ಡ್ ಗಾರ್ಡ್ನರ್ ಕೊನೆಯವರೆಗೂ ಜೊತೆಗಿದ್ದನು.

1872ರಲ್ಲಿ ಸ್ಟಾನ್ಲಿ ಕರಾವಳಿಯಿಂದ ಕಳಿಸಿದ ಸಹಾಯಕ ತಂಡದಲ್ಲಿ ಮತ್ತೆ ನಾಸಿಕದ ಆರು ಮಂದಿ ಇದ್ದರು. ಅವರಲ್ಲಿ ಜೇಕಬ್ ವೇನ್‌ರೈಟ್ ಮತ್ತು ಮ್ಯಾಥ್ಯೂ ವೆಲಿಂಗ್ಟನ್ ಹೆಸರುಗಳು ಹೆಚ್ಚು ಪ್ರಸಿದ್ಧ. 1873ರ ಮೇ ತಿಂಗಳ ಆರಂಭದಲ್ಲಿ ಇಂದಿನ ಜಾಂಬಿಯಾ ದೇಶದ ಚಿತಾಂಬೊ ಎಂಬ ಹಳ್ಳಿಯಲ್ಲಿ ಲಿವಿಂಗ್‌ಸ್ಟನ್ ನಿಧನರಾದರು. ಅನುಚರರು ಅವರ ಹೃದಯವನ್ನು ಅಲ್ಲಿಯೇ ಮರವೊಂದರ ಬುಡದಲ್ಲಿ ಹೂತರು. ಆಂಗ್ಲಿಕನ್ ಸಭೆಯ ಅಂತ್ಯವಿಧಿಯನ್ನು ಓದಿದವನೂ ಮರದ ಕಾಂಡದಲ್ಲಿ ಹೆಸರನ್ನು ಕೊರೆದವನೂ ಜೇಕಬ್ ವೇನ್‌ರೈಟ್. ಬಳಿಕ ದೇಹವನ್ನು ಉಪ್ಪಿನಲ್ಲಿ ಸಂರಕ್ಷಿಸಿ, ಬಿಸಿಲಲ್ಲಿ ಒಣಗಿಸಿ, ಸುಸಿ ಮತ್ತು ಚುಮಾ ಅವರ ಮುಂದಾಳುತನದಲ್ಲಿ ಸಾವಿರಕ್ಕೂ ಹೆಚ್ಚು ಮೈಲಿ ಹೊತ್ತು ಅವರು 1874ರ ಫೆಬ್ರವರಿಯಲ್ಲಿ ಕರಾವಳಿಗೆ ತಂದರು. ಜೇಕಬ್ ಈ ಪಯಣದ ದಿನಚರಿಯನ್ನು ತಾನೇ ಬರೆದಿಟ್ಟನು. 1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದವರ ಸಾಲಿನಲ್ಲಿದ್ದ ಏಕೈಕ ಆಫ್ರಿಕನ್ ಆತನೇ. ಶರಣಪುರದ ಶಾಲೆ ಕೊಟ್ಟ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

ಇದೇ ವರ್ಷಗಳಲ್ಲಿ ರಾಜಕೀಯ ಪರಿಸ್ಥಿತಿಯೂ ಬದಲಾಯಿತು. 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರೀಯರ್ ನಾಸಿಕದ ಪ್ರಯೋಗವನ್ನು ಬಲ್ಲವರಾಗಿದ್ದರು. ಅವರು ಬ್ರಿಟಿಷ್ ಸರ್ಕಾರದ ನಿಯೋಗಿಯಾಗಿ ಜಾಂಜಿಬಾರಿಗೆ ಹೋಗಿ ಬಂದ ಬಳಿಕ, 1873ರ ಜೂನ್ 5ರ ಒಪ್ಪಂದದಿಂದ ಸುಲ್ತಾನ್ ಬರ್ಗಶ್ ಸಮುದ್ರಮಾರ್ಗದ ಗುಲಾಮರ ವ್ಯಾಪಾರವನ್ನೂ ಸಂತೆಗಳನ್ನೂ ಮುಚ್ಚಬೇಕಾಯಿತು. ಬಿಡುಗಡೆಯಾದವರನ್ನು ಭಾರತಕ್ಕೆ ಸಾಗಿಸುವ ಬದಲು ಆಫ್ರಿಕದ ನೆಲದಲ್ಲಿಯೇ ಇನ್ನೊಂದು ಶರಣಪುರವನ್ನು ಕಟ್ಟಬೇಕೆಂಬುದು ಫ್ರೀಯರ್ ಅವರ ಸಲಹೆ. ಈ ಕಾರ್ಯಕ್ಕೆ ಸೊಸೈಟಿಯು ಆರಿಸಿದುದು ಪ್ರೈಸ್ ಅವರನ್ನು. ಭಾರತದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅನುಭವವಿದ್ದ ಅವರು 1874ರ ಕೊನೆಯಲ್ಲಿ ಮೊಂಬಾಸಾ ತಲುಪಿದರು. ದೃಷ್ಟಿ ಬಹುಪಾಲು ಕಳೆದುಕೊಂಡಿದ್ದ ರೆಬ್‌ಮನ್ 1875ರಲ್ಲಿ ಜರ್ಮನಿಗೆ ಹಿಂತಿರುಗಿದರು.

ಮೊಂಬಾಸಾ ದ್ವೀಪಕ್ಕೆ ಎದುರಾಗಿ, ಕಡಲ ಹಿನ್ನೀರಿನ ಆಚೆಯ ದಡದಲ್ಲಿ ಕೊಂಡ ಭೂಮಿಯಲ್ಲಿ 1875ರಲ್ಲಿ ಫ್ರೀಯರ್ ಟೌನ್ ತಲೆಯೆತ್ತಿತು. ನಾಸಿಕದಿಂದ ನೂರಕ್ಕೂ ಹೆಚ್ಚು ಆಫ್ರಿಕನ್ನರು ಅಲ್ಲಿಗೆ ಬಂದು ಸೇರಿದರು. ಗೋಡೆ ಕಟ್ಟಿದವರು, ಮರಗೆಲಸ ಮಾಡಿದವರು, ಪಾಠ ಹೇಳಿದವರು, ಮಾತು ಅನುವಾದಿಸಿದವರು ಮುಖ್ಯವಾಗಿ ಅವರೇ. ಅದೇ ವರ್ಷ ನೌಕಾಪಡೆಯು ಬಿಡಿಸಿದ ನೂರಾರು ಜನರನ್ನು ಅಲ್ಲಿ ಇಳಿಸಿತು. ಶರಣಪುರಕ್ಕೆ ಮಕ್ಕಳು ಸಣ್ಣ ಗುಂಪುಗಳಲ್ಲಿ ಬಂದಿದ್ದರು; ಇಲ್ಲಿ ಹಸಿದ, ರೋಗಗ್ರಸ್ತರಾದ, ಪರಸ್ಪರರ ಭಾಷೆ ತಿಳಿಯದ ಜನಸಮೂಹವೇ ಒಮ್ಮೆಗೆ ಬಂದಿತು. ಅಲ್ಲಿ ಸುತ್ತಲಿನ ಆಡಳಿತ ಬ್ರಿಟಿಷರದು. ಇಲ್ಲಿ ನೆಲ ಸುಲ್ತಾನನದು, ನೆರೆಹೊರೆಯ ತೋಟಗಳು ಗುಲಾಮರ ದುಡಿಮೆಯಿಂದಲೇ ನಡೆಯುವಂಥವು. ಅಡಿಪಾಯ ಹಾಕಿದ ಪ್ರೈಸ್ 1876ರಲ್ಲಿ ಇಂಗ್ಲೆಂಡಿಗೆ ಮರಳಿದರು.

ಅವರು ಹೋದ ಬಳಿಕ ನೆಲೆಯ ಆಡಳಿತವು ಪಾದ್ರಿಗಳಲ್ಲದ ಮೇಲ್ವಿಚಾರಕರ ಕೈಗೆ ಬಂದಿತು. ಕಠಿಣ ದೈಹಿಕ ಶಿಕ್ಷೆಗಳ ಬಗ್ಗೆ ದೂರುಗಳೆದ್ದು ಅಧಿಕಾರಿಗಳ ವಿಚಾರಣೆಯವರೆಗೂ ಹೋದವು. ನಾಸಿಕದಿಂದ ಬಂದವರಿಗೂ ಸಂಬಳ, ಸ್ಥಾನಮಾನ, ಗೌರವಗಳ ವಿಷಯದಲ್ಲಿ ಅಸಮಾಧಾನವಿತ್ತು. ಗುಲಾಮಗಿರಿಯಿಂದ ಬಿಡಿಸಿದ ಸಂಸ್ಥೆಯಲ್ಲಿಯೇ ಚಾವಟಿ ಕಾಣಿಸಿಕೊಂಡುದು ಆ ನೆಲೆಯ ಚರಿತ್ರೆಯ ಕಪ್ಪು ಅಧ್ಯಾಯ. ಇದನ್ನು ಸರಿಪಡಿಸುವ ಸಲುವಾಗಿ ಪ್ರೈಸ್ 1881ರಲ್ಲಿ ಎರಡನೆಯ ಬಾರಿಗೆ ಮೊಂಬಾಸಾಕ್ಕೆ ಹೋಗಿ ಮರುವರ್ಷದವರೆಗೆ ಅಲ್ಲಿದ್ದರು.

ಆದರೆ ಮೂಲಭೂತವಾದ ಸಮಸ್ಯೆ ಬೇರೆಯೇ ಆಗಿತ್ತು. 1873ರ ಒಪ್ಪಂದವು ಸಮುದ್ರದ ಮೇಲಿನ ವ್ಯಾಪಾರವನ್ನು ನಿಷೇಧಿಸಿತ್ತೇ ಹೊರತು ಗುಲಾಮಗಿರಿಯನ್ನಲ್ಲ. ನೌಕಾಪಡೆ ಬಿಡಿಸಿ ತಂದವನು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ; ಪಕ್ಕದ ತೋಟದಿಂದ ರಾತ್ರೋರಾತ್ರಿ ಓಡಿಬಂದವನು ಯಜಮಾನನ ಸೊತ್ತು. ಇಬ್ಬರ ಬೆನ್ನಿನ ಮೇಲಿನ ಬರೆಗಳಲ್ಲಿ ವ್ಯತ್ಯಾಸವಿರಲಿಲ್ಲ. ಓಡಿಬಂದವರಿಗೆ ನೆಲೆ ಕೊಡಕೂಡದೆಂಬುದು ಸೊಸೈಟಿಯ ಅಧಿಕೃತ ನಿಲುವಾಗಿತ್ತು. ಕೊಟ್ಟರೆ ತೋಟದೊಡೆಯರು ಆಯುಧ ಹಿಡಿದು ಬರುವ ಭಯ, ಸುಲ್ತಾನನ ಕೋಪ, ಇಡೀ ನೆಲೆಯೇ ನಾಶವಾಗುವ ಆತಂಕ. ಆದರೂ ರಬಾಯಿಯಲ್ಲಿ ಇಂಥವರು ನೂರುಗಟ್ಟಲೆ ಬಂದು ಸೇರಿದರು. ಅವರನ್ನು ಒಳಗೆ ಬಿಟ್ಟುಕೊಂಡವರಲ್ಲಿ ಮುಖ್ಯನಾದವನು ಒಂದು ಕಾಲದಲ್ಲಿ ತಾನೇ ಗುಲಾಮನಾಗಿದ್ದ, ನಾಸಿಕದಲ್ಲಿ ಬೆಳೆದ ವಿಲಿಯಂ ಜೋನ್ಸ್. 1885ರಲ್ಲಿ ಬಿಷಪ್ ಹ್ಯಾನಿಂಗ್ಟನ್ ಅವರು ಜೋನ್ಸ್ ಮತ್ತು ಸೆಮ್ಲರ್ ಇಬ್ಬರಿಗೂ ಡೀಕನ್ ದೀಕ್ಷೆ ನೀಡಿದ್ದರು. ಅದೇ ವರ್ಷ ಉಗಾಂಡದ ಕಡೆಗೆ ಹೊರಟ ಹ್ಯಾನಿಂಗ್ಟನ್ ಬುಸೋಗದಲ್ಲಿ ಹತ್ಯೆಗೀಡಾದಾಗ, ಉಳಿದ ತಂಡವನ್ನು ಕರಾವಳಿಗೆ ಮರಳಿ ತಂದವನೂ ಜೋನ್ಸ್.

1888ರಲ್ಲಿ ಪ್ರೈಸ್ ಮೂರನೆಯ ಬಾರಿಗೆ ಆಫ್ರಿಕಕ್ಕೆ ತೆರಳಿದರು. ಆಗ ಇಂಪೀರಿಯಲ್ ಬ್ರಿಟಿಷ್ ಈಸ್ಟ್ ಆಫ್ರಿಕ ಕಂಪನಿಯು ಕರಾವಳಿಯ ಆಡಳಿತವನ್ನು ವಹಿಸಿಕೊಳ್ಳುತ್ತಿತ್ತು. ದಕ್ಷಿಣದ ಜರ್ಮನ್ ವಲಯದಲ್ಲಿ ಜನ ದಂಗೆಯೆದ್ದಿದ್ದರು. ಮಿಶನ್ನಿನ ನೆಲೆಗಳಲ್ಲಿರುವ ತಮ್ಮ ಗುಲಾಮರನ್ನು ಹಿಂತಿರುಗಿಸಬೇಕೆಂದು ಮೊಂಬಾಸಾದ ಒಡೆಯರು ಒತ್ತಾಯಿಸುತ್ತಿದ್ದರು. ಎಣಿಕೆ ಮಾಡಿದಾಗ ಓಡಿಬಂದವರ ಸಂಖ್ಯೆ 1,400ನ್ನೂ ಮೀರಿತು. ನಿಯಮದಂತೆ ಅವರನ್ನು ಒಪ್ಪಿಸಿದರೆ ಶರಣ ಎಂಬ ಪದಕ್ಕೆ ಅರ್ಥವೇ ಉಳಿಯದು, ಒಪ್ಪಿಸದಿದ್ದರೆ ರಕ್ತಪಾತ. ಕಂಪನಿಯ ಪ್ರತಿನಿಧಿ ಜಾರ್ಜ್ ಮೆಕೆಂಜಿ ಮುಂದಿಟ್ಟ ಪರಿಹಾರವು ಇವೆರಡರ ನಡುವಣ ಮಾರ್ಗ: ತಲೆಗೆ 25 ಡಾಲರಿನಂತೆ ಒಡೆಯರಿಗೆ ಪರಿಹಾರ ಕೊಟ್ಟು ಎಲ್ಲರನ್ನೂ ಬಿಡಿಸಿಕೊಳ್ಳುವುದು. 1889ರ ಜನವರಿ 1ರಂದು ರಬಾಯಿಯಲ್ಲಿ ಬಿಡುಗಡೆಯ ಪತ್ರಗಳನ್ನು ಹಂಚಲಾಯಿತು.

ಈ ಘಟನೆಯನ್ನು ಶುದ್ಧ ವಿಜಯವೆನ್ನಲಾಗದು. ಮನುಷ್ಯನ ಸ್ವಾತಂತ್ರ್ಯಕ್ಕೆ ಒಡೆಯನಿಗೆ ಬೆಲೆ ತೆರುವುದೆಂದರೆ ಒಡೆತನವನ್ನು ಒಪ್ಪಿಕೊಂಡಂತೆಯೇ. ಕಂಪನಿಯ ಉದ್ದೇಶದಲ್ಲಿ ಕರುಣೆಗಿಂತ ಕರಾವಳಿಯ ಶಾಂತಿಯೇ ಹೆಚ್ಚಾಗಿತ್ತು. ಗುಲಾಮಗಿರಿಯ ಕಾನೂನುಬದ್ಧ ಸ್ಥಾನಮಾನ ಜಾಂಜಿಬಾರಿನಲ್ಲಿ 1897ರವರೆಗೂ ಕೀನ್ಯಾದ ಕರಾವಳಿಯಲ್ಲಿ 1907ರವರೆಗೂ ಉಳಿಯಿತು. ಆದರೂ ಆ ದಿನ 1,400ಕ್ಕೂ ಹೆಚ್ಚು ಜನ ಮರಳಿ ನೊಗಕ್ಕೆ ಹೋಗದೆ ಉಳಿದರೆಂಬುದು ನಿರ್ವಿವಾದ. ಅವರನ್ನು ನಿಯಮ ಮೀರಿ ಮೊದಲು ಒಳಗೆ ಕರೆದುಕೊಂಡ ಕೈಗಳಲ್ಲಿ ಶರಣಪುರದಲ್ಲಿ ಬೆಳೆದ ಕೈಗಳಿದ್ದವೆಂಬುದೂ ಅಷ್ಟೇ ನಿಜ. ಊರು ಕಟ್ಟಿದವರ ಸಂಸ್ಥೆ ಕಾನೂನಿನ ಗೆರೆಯೊಳಗೆ ಆಶ್ರಯ ನೀಡಲು ಬಯಸಿತು. ಆ ಊರಿನ ಶಿಷ್ಯ ಆ ಗೆರೆಯನ್ನು ದಾಟಿದನು. ಗುರುವಿಗೆ ಉಳಿದ ಕೆಲಸವೆಂದರೆ ಶಿಷ್ಯನ ದಯೆಗೆ ಕಾನೂನಿನ ಸಮ್ಮತಿ ದೊರಕಿಸುವ ಪ್ರಯತ್ನಕ್ಕೆ ಜೊತೆಗೂಡುವುದು.

ಈ ಕೊನೆಯ ಯಾತ್ರೆಯ ಅನುಭವಗಳನ್ನು ಪ್ರೈಸ್ ಪೂರ್ವ ಆಫ್ರಿಕದಲ್ಲಿ ತಮ್ಮ ಮೂರನೆಯ ಕಾರ್ಯಾಚರಣೆ ಎಂಬರ್ಥದ ಹೆಸರಿನ ಗ್ರಂಥವಾಗಿ 1890ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಅದು ಮಿಶನರಿಯೊಬ್ಬನ ದೃಷ್ಟಿಯ ಕೃತಿ. ಅದರಲ್ಲಿ ಸಾಮ್ರಾಜ್ಯದ ಮೇಲಣ ವಿಶ್ವಾಸ ಎದ್ದು ಕಾಣುತ್ತದೆ. ಜೇಕಬ್ ವೇನ್‌ರೈಟ್‌ನ ದಿನಚರಿಯೊಡನೆ ಇಟ್ಟು ಓದಿದಾಗ ಮಾತ್ರ ಈ ಚರಿತ್ರೆಯ ಎರಡೂ ಮಗ್ಗುಲುಗಳು ಗೋಚರಿಸುತ್ತವೆ. ಆ ದಿನಚರಿಯು ದೀರ್ಘಕಾಲ ವಿದ್ವಾಂಸರ ಗಮನದಿಂದ ಬಹುಮಟ್ಟಿಗೆ ಮರೆಯಾಗಿದ್ದು, ಇತ್ತೀಚಿನ ವರ್ಷಗಳಲ್ಲಿ ಅಧ್ಯಯನಕ್ಕೆ ಒಳಗಾಗುತ್ತಿರುವುದು ಸಮಾಧಾನದ ಸಂಗತಿ. ಜೇಕಬ್ 1892ರಲ್ಲಿ ಟಾಂಗನಿಕದ ಉರಾಂಬೊದಲ್ಲಿ ತೀರಿಕೊಂಡನು. ಲಿವಿಂಗ್‌ಸ್ಟನ್ ದೇಹವನ್ನು ಹೊತ್ತವರಲ್ಲಿ ಕೊನೆಯವರೆಗೆ ಬದುಕಿದ್ದವನೆಂದು ಗೌರವ ಪಡೆದ ಮ್ಯಾಥ್ಯೂ ವೆಲಿಂಗ್ಟನ್ 1935ರಲ್ಲಿ ಮೊಂಬಾಸಾದಲ್ಲಿ ನಿಧನನಾದನು.

ಪ್ರೈಸ್ ಅವರ ಸಾಧನೆಯನ್ನು ಇಂದಿನ ದೃಷ್ಟಿಯಿಂದ ತೂಗುವಾಗ ಎರಡು ಅತಿರೇಕಗಳನ್ನು ಬಿಡಬೇಕಾಗುತ್ತದೆ. ಅವರನ್ನು ಏಕೈಕ ಉದ್ಧಾರಕರೆಂದು ಕೊಂಡಾಡಿದರೆ, ಹೆಸರನ್ನೂ ನುಡಿಯನ್ನೂ ತೆತ್ತು ಆ ಊರುಗಳನ್ನು ನಿಜವಾಗಿ ನಡೆಸಿದವರಿಗೆ ಅನ್ಯಾಯವಾಗುತ್ತದೆ. ಸಾಮ್ರಾಜ್ಯದ ಸೇವಕರೆಂದಷ್ಟೇ ತಳ್ಳಿಹಾಕಿದರೆ, ದಿಕ್ಕಿಲ್ಲದ ಮಕ್ಕಳಿಗೆ ಮನೆ, ಕಸುಬು, ಅಕ್ಷರಗಳನ್ನು ಕೊಟ್ಟ ಕಾರ್ಯ ಕಣ್ಮರೆಯಾಗುತ್ತದೆ. ಮಿಶನರಿಗಳ ಇತಿಹಾಸವನ್ನು ಬರೆಯುವವರು ಗ್ರಂಥಸೂಚಿಗಳ ಜೊತೆಗೆ ಅವರ ಶಾಲೆಗಳ ಹಾಜರಿಪುಸ್ತಕಗಳನ್ನೂ ನೋಡಬೇಕೆಂಬ ಪಾಠ ಇಲ್ಲಿದೆ. ಉತ್ತರ ಕನ್ನಡದ ಸಿದ್ಧಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಬಳಿಕ ಅವರ ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಆಸಕ್ತಿ ಬೆಳೆದಿದೆ. ಆ ಅಧ್ಯಯನಕ್ಕೆ ನಾಸಿಕದ ಈ ಪ್ರಕರಣವು ಉಪಯುಕ್ತವಾದ ಹೋಲಿಕೆಯನ್ನು ಒದಗಿಸಬಲ್ಲದು.

ನಾಸಿಕದಲ್ಲಿ ಇಂದು ಶರಣಪುರವು ನಗರದೊಳಗೆ ಸೇರಿಹೋಗಿದೆ. ಶರಣಪುರ ರಸ್ತೆ ಅಂಗಡಿ ಮುಂಗಟ್ಟುಗಳಿಂದ ತುಂಬಿದ ಹೆದ್ದಾರಿ. ಅದರಲ್ಲಿ ಓಡಾಡುವ ಬಹುಜನರಿಗೆ ಅದು ಒಂದು ವಿಳಾಸ ಮಾತ್ರ. ಮೊಂಬಾಸಾದಲ್ಲಿ ಫ್ರೀಯರ್ ಟೌನ್ ಗಂಟೆಯ ಕಮಾನು ಈಗಲೂ ಇದೆ. ಗುಲಾಮರನ್ನು ಹಿಡಿಯುವವರು ಬಂದಾಗ ಎಚ್ಚರಿಸಲು ಆ ಗಂಟೆಯನ್ನು ಬಾರಿಸುತ್ತಿದ್ದರೆಂದು ಹೇಳುತ್ತಾರೆ. ಸಮುದ್ರದ ಎರಡು ದಡಗಳಲ್ಲಿರುವ ಈ ಎರಡು ಸ್ಥಳನಾಮಗಳು ಪ್ರೈಸ್ ಅವರ ಜೀವನಕಾರ್ಯದ ಗುರುತುಗಳಾಗಿ ಉಳಿದಿವೆ.